ಪಡುವಣ ಗೋಡೆಗೆ ಬಸಳೆ

ಏಪ್ರಿಲ್ ತಿಂಗಳು. ಬಿಸಿಲು ಈ ಬದಿಗೆ ಹೊರಳುವುದರೊಳಗೆ ಗುಂಡಿ ಮುಗಿಸಬೇಕೆಂದು ಮೋನಪ್ಪ ಪಿಕ್ಕಾಸು ಹಿಡಿದಿದ್ದರು. ಚೆಂಬೂರಿನ ಹಳೆಯ ಬಿಲ್ಡಿಂಗಿನ ನೆಲಮಹಡಿಯಲ್ಲಿ ಅವರದು ಎರಡು ಕೋಣೆ, ಹಿಂದೆ ಒಂದು ಚೂರು ಮಣ್ಣು. ಮಧ್ಯಾಹ್ನವಾದರೆ ಪಡುವಣ ಗೋಡೆ ದೋಸೆಕಾವಲಿಯಂತೆ ಕಾಯುತ್ತಿತ್ತು. ಹೋಟೆಲಿನ ಒಲೆಯ ಮುಂದೆ ಆಯುಷ್ಯ ಕಳೆದ ಮೋನಪ್ಪನವರಿಗೆ ಆ ಕಾವು ಹೊಸದಲ್ಲ. ಆದರೆ ಗೋಡೆಯ ಆಚೆ ಮಂಚದ ಮೇಲೆ ಹೆಂಡತಿ ಚಂಪಾ ಮಲಗಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಕೇಳಿದ್ದು ಒಂದೇ: ಗೋಡೆ ತಂಪಾಗಲು ಒಂದು ಬಳ್ಳಿ, ಮಲ್ಲಿಗೆಯಾದರೆ ಒಳ್ಳೆಯದು.

ಬೆಳಿಗ್ಗೆ ನರ್ಸರಿಯಲ್ಲಿ ಮಲ್ಲಿಗೆಯ ಸಸಿ ಕೈಗೆತ್ತಿಕೊಂಡು, ಗೋಡೆ ಮುಚ್ಚಲು ಎಷ್ಟು ಕಾಲ ಬೇಕೆಂದು ಕೇಳಿದ್ದರು. ಎರಡು ವರ್ಷವೆಂದು ಹಿಡಿಯಿರಿ ಎಂದ ಮಾಲಿ. ಮಳೆಗಾಲ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದನ್ನು ಮೋನಪ್ಪ ಚಂಪಾಳಿಗೆ ತಿಳಿಸಿರಲಿಲ್ಲ. ಸಸಿಯನ್ನು ಇದ್ದಲ್ಲೇ ಇಟ್ಟು ಬಂದರು.

ಮರಳುವಾಗ ನೋಡಿದರೆ, ಬಿಲ್ಡಿಂಗ್ ಗುಡಿಸುವ ರಾಚವ್ವನ ತಗಡಿನ ಮಾಡಿನ ಮೇಲೆ ಬಸಳೆ ಹಬ್ಬಿತ್ತು.

"ಬೇಗ ಏರ್ತದಾ ಇದು?" ಎಂದು ಮೋನಪ್ಪ ಕೇಳಿದ್ದರು.

"ನೀರು ಹಾಕ್ರಿ ಸಾಕು, ಅಣ್ಣಾರ. ಮಳಿ ಬರೂದ್ರಾಗ ಕಿಟಕಿ ಮುಚ್ಚತೈತಿ. ಬಿಸಲಂದ್ರ ಇದಕ್ಕ ತವರಮನಿ ಇದ್ದಂಗ."

ಅವಳು ಕೊಯ್ದುಕೊಟ್ಟ ಕಡ್ಡಿಗಳನ್ನು ನೆಡುತ್ತಿದ್ದಾಗ ಕಿಟಕಿಯಿಂದ ಚಂಪಾಳ ದನಿ ಬಂತು.

"ಎಂತ ನೆಡುವುದು?"

"ಬಸಳೆ."

"ಮಲ್ಲಿಗೆ ಸಿಗ್ಲಿಲ್ವಾ?"

"ಈ ಬಿಸಿಲಿಗೆ ಒಣಗ್ತದೆ ಅದು."

"ಬಿಸಿಲಿಗೆ ಮಲ್ಲಿಗೆ ಒಣಗುವುದಾ? ಅಮ್ಮನ ಅಂಗಳದಲ್ಲಿ ಬೇಸಿಗೆಗೇ ಅಲ್ವಾ ಚೆಂಡು ಚೆಂಡು ಕಟ್ತಿದ್ದದ್ದು."

ಮೋನಪ್ಪ ಒತ್ತಿದ ಮಣ್ಣನ್ನೇ ಮತ್ತೆ ಒತ್ತಿದರು.

"ಎರಡು ವರ್ಷ ಬೇಕಂತೆ ಅದಕ್ಕೆ," ಎಂದರು. ಅಂದ ಮೇಲೆ, ಅನ್ನಬಾರದಿತ್ತು ಅನಿಸಿತು.

ಒಳಗೆ ಮಂಚ ಕಿರುಗುಟ್ಟಿತು.

"ಡಾಕ್ಟ್ರು ನಿಮ್ಮನ್ನು ಮಾತ್ರ ಒಳಗೆ ಕರೆದದ್ದು ಅದಕ್ಕಾ?"

ಮೋನಪ್ಪ ಕಡ್ಡಿಗಳ ಬುಡಕ್ಕೆ ನೀರು ಹೊಯ್ದರು.

"ಬಸಳೆಯೇ ಇರಲಿ," ಎಂದಳು ಚಂಪಾ. "ಮಲ್ಲಿಗೆ ಮುಡಿಯಲಿಕ್ಕೆ ತಲೆಯಲ್ಲಿ ಕೂದಲಾದ್ರೂ ಎಲ್ಲುಂಟು?" ಮತ್ತೆಂದಳು, "ಬಳ್ಳಿ ಕೊಟ್ಟ ಮನೆಗೆ ಮೊದಲ ಕೊಯ್ಲು ಕೊಡ್ಬೇಕು, ಗೊತ್ತುಂಟಲ್ಲ? ನಾನೇ ಕೊಯ್ದು ಕೊಡ್ತೇನೆ."

ಮೇ ಮುಗಿಯುವ ಹೊತ್ತಿಗೆ ಬಳ್ಳಿ ಕಿಟಕಿಯ ಸರಳು ಹಿಡಿಯಿತು. ಕೋಣೆಗೆ ಹಸಿರು ನೆರಳು ಬಿತ್ತು. ಚಂಪಾ ಸರಳುಗಳ ನಡುವೆ ಬೆರಳು ತೂರಿಸಿ ಎಲೆ ಮುಟ್ಟುತ್ತಿದ್ದಳು. ಕೊಯ್ಯೋಣವಾ ಎಂದು ಮೋನಪ್ಪ ಕೇಳಿದಾಗಲೆಲ್ಲ, "ಇನ್ನೂ ನಾಲ್ಕು ದಿನ ಹೋಗಲಿ," ಎನ್ನುತ್ತಿದ್ದಳು.

ಮಳೆ ಹಿಡಿದ ವಾರದಲ್ಲೇ ಅವಳು ಹೋದಳು.

ಉತ್ತರಕ್ರಿಯೆಯ ಬೊಜ್ಜ ಕಳೆದ ಮರುದಿನ ಮೋನಪ್ಪ ಕತ್ತಿ ತೆಗೆದುಕೊಂಡು ಬಳ್ಳಿಗೆ ಕೈ ಹಾಕಿದರು. ಕೊಯ್ದಲ್ಲಿ ಗೋಡೆ ಕಂಡಿತು. ಮಳೆಗೆ ನೆಂದು ತಣ್ಣಗಾಗಿತ್ತು. ಕಟ್ಟು ಹೊತ್ತು ರಾಚವ್ವನ ಬಾಗಿಲಿಗೆ ಹೋದರು. ಅವಳು ಸೆರಗೊಡ್ಡಿ ಇಸಿದುಕೊಂಡಳು.

"ಇಷ್ಟ್ಯಾಕ್ರಿ ಅಣ್ಣಾರ? ನಿಮಗ ಒಂದೀಟು ಇಟಗೊಂಡೀರಿಲ್ಲೋ?"

"ಇಲ್ಲ," ಎಂದರು ಮೋನಪ್ಪ. "ಮೊದಲನೆಯದ್ದು ಪೂರ್ತಿ ಕೊಡ್ಬೇಕಂತೆ."