ಉದುರದ ಗರಿ

ಅರಮನೆಯಿಂದ ಕರೆ ಬಂದಾಗ ನಾನು ಗಂಡನ ಟೋಪಿಯನ್ನು ಎರಡು ಸಲ ಒಗೆದೆ. ಬೇಸಗೆಯಲ್ಲಿ ಓಕು ಬೆಟ್ಟದ ಕಾಡಿಗೆ ಬೆಂಕಿ ಬಿದ್ದಾಗ, ತನ್ನ ಜೇನುಗೂಡುಗಳನ್ನೆಲ್ಲ ಉರಿಯಲು ಬಿಟ್ಟು, ಕೆಂಪುರೆಕ್ಕೆಯ ಹಕ್ಕಿಗಳು ಗೂಡು ಕಟ್ಟುವ ಕಣಿವೆಯನ್ನು ಉಳಿಸಿದವನು ನನ್ನ ಕೆಮಿಂಗ್. ಅಂಗೈಯ ಸುಟ್ಟ ಕಲೆ ಇನ್ನೂ ಹೋಗಿಲ್ಲ. ಅದಕ್ಕೇ ಅರಸರು ಅವನ ಟೋಪಿಗೆ ಕೆಂಪು ಗರಿ ಸಿಕ್ಕಿಸುವವರಿದ್ದರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಗರಿಯನ್ನು ಮನೆಯವರೇ ತರಬೇಕು. ಅದು ಹಕ್ಕಿಯಿಂದ ತಾನಾಗಿ ಉದುರಿದ್ದಾಗಿರಬೇಕು. ವಾರವೆಲ್ಲ ಹಣ್ಣಿನ ಮರಗಳ ಬುಡದಲ್ಲಿ ತರಗೆಲೆ ಕೆದಕಿದೆವು. ಒಂದೂ ಸಿಗಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಮೈದುನ ನಿಚಿಯಾ ಕುಣಿಯುತ್ತ ಬಂದ.

"ಅತ್ತಿಗೆ, ಎಲ್ಲಿ ನಿಮ್ಮ ದೊಡ್ಡಮನುಷ್ಯರು? ತಗೊಳ್ಳಿ, ಗರಿ!"

ಕೆಂಡದಂಥ ಗರಿ. ಬುಡ ಮುಟ್ಟಿದೆ. ಬೆರಳಿಗೆ ರಕ್ತ ಅಂಟಿತು. ಅವನ ಹೆಗಲ ಚೀಲ ಉಬ್ಬಿಕೊಂಡಿತ್ತು.

"ಚೀಲ ಬಿಚ್ಚು."

"ಅದ್ರಲ್ಲಿ ಏನಿಲ್ಲ ಅತ್ತಿಗೆ..."

"ಬಿಚ್ಚೋ ಅಂದೆ!"

ಒಳಗೆ ಸತ್ತ ಹಕ್ಕಿ ಇತ್ತು. ಕಾಲಿನಲ್ಲಿ ಉರುಲಿನ ದಾರ ಹಾಗೇ ಇತ್ತು.

"ಒಂದೇ ಒಂದು, ಅತ್ತಿಗೆ. ಅಣ್ಣ ಬರಿ ಟೋಪೀಲಿ ಹೋದ್ರೆ ಊರು ನಗಲ್ವಾ?"

"ನಗಲಿ! ಬೆಂಕಿ ಬಿಟ್ಟು ಹೋಗಿದ್ದನ್ನ ನೀನು ಮುಗಿಸ್ದೆಯಲ್ಲೋ, ಹಾಳಾದವ್ನೆ! ಇವರು ಕೈ ಸುಟ್ಕೊಂಡಿದ್ದು ನಿನ್ನ ಉರುಲಿಗೆ ಹಕ್ಕಿ ಸಾಕೋಕಾ?"

ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದ ಕೆಮಿಂಗ್ ಗರಿಯನ್ನೇ ನೋಡುತ್ತಿದ್ದ. ಮೆಲ್ಲಗೆ ಅಂದ: "ತೊಳೆದ್ರೆ ಯಾರಿಗೆ ಗೊತ್ತಾಗುತ್ತೆ, ಯೆನ್ಸಿ?"

ನನಗೆ ಮೈಯೆಲ್ಲ ಉರಿದುಹೋಯಿತು. ಮೈದುನನದು ದಡ್ಡತನ. ಇವನದು ಆಸೆ.

"ನಂಗೆ ಗೊತ್ತಾಗುತ್ತೆ. ಆ ಟೋಪಿ ಒಗೆಯೋಳು ನಾನು." ಹಕ್ಕಿಯನ್ನು ಬುಟ್ಟಿಗೆ ಹಾಕಿ, ಗರಿಯನ್ನು ಅದರ ಮೇಲಿಟ್ಟು, ಅವನ ಮುಂದೆ ಕುಕ್ಕಿದೆ. "ಗರಿ ಬೇಕಾ? ಇದನ್ನೂ ಹೊತ್ಕೊಂಡು ಹೋಗಿ. ಒಂದನ್ನ ಬಿಟ್ಟು ಒಂದು ಈ ಮನೆಯಿಂದ ಹೊರಡಲ್ಲ."

ಅವನು ಬುಟ್ಟಿ ಎತ್ತಿಕೊಂಡ. ದಾರಿಯುದ್ದಕ್ಕೂ ನಾನು ಹಿಂದೆಯೇ ನಡೆದೆ. ಎಲ್ಲಾದರೂ ಪೊದೆಯೊಳಗೆ ಎಸೆದುಬಿಟ್ಟಾನೆಂದು ಬುಟ್ಟಿಯ ಮೇಲೇ ಕಣ್ಣಿಟ್ಟಿದ್ದೆ.

ಅರಮನೆಯಂಗಳದಲ್ಲಿ ಅವನ ಹೆಸರು ಕೂಗಿದರು. ಅವನು ಮುಂದೆ ಹೋಗಿ, ಅರಸರೆದುರು ಮಾಡಬೇಕಾದಂತೆ ಬಾಗಿ ಚಪ್ಪಾಳೆ ತಟ್ಟಿ, ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದ: "ಗರಿ ತಂದಿದೀನಿ ದೊರೆ. ಉದುರಿದ್ದಲ್ಲ."

ನಗಾರಿ ನಿಂತಿತು. ಅರಸರು ಬುಟ್ಟಿಯೊಳಗೆ ಬಹಳ ಹೊತ್ತು ನೋಡಿದರು. ನಮ್ಮ ಜೊತೆ ಬಂದು ಗಂಡಸರ ಗುಂಪಿನಲ್ಲಿ ಕೂತಿದ್ದ ನಿಚಿಯಾ ತಾನೇ ಎದ್ದು ಬಂದು ಅಣ್ಣನ ಪಕ್ಕ ಮಂಡಿಯೂರಿದ.

"ಕೊಂದವನು ನಾನು, ದೊರೆ."

"ಹಾಗಾದ್ರೆ ಆ ಕಣಿವೇಲಿ ಇರೋ ಉರುಲನ್ನೆಲ್ಲ ನೀನೇ ಕೀಳು," ಅಂದರು ಅರಸರು. "ನಿನ್ನ ಕಣ್ಣ ಮುಂದೆ ಒಂದು ಗರಿ ತಾನಾಗಿ ಉದುರೋವರೆಗೂ ಕೀಳ್ತಾ ಇರು. ಅದು ಉದುರಿದ ದಿನ ನಿಮ್ಮಣ್ಣನ್ನ ಕರ್ಕೊಂಡು ಬಾ."

ಬರಿಯ ಟೋಪಿಯಲ್ಲೇ ಮನೆಗೆ ಬಂದೆವು. ಸಂಜೆ ಇಬ್ಬರಿಗೂ ಮೆಕ್ಕೆಜೋಳದ ಮುದ್ದೆ, ಸೊಪ್ಪು ಬಡಿಸಿದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಉಪ್ಪು ಜಾಸ್ತಿ ಆಗಿದೆ ಅತ್ತಿಗೆ," ಅಂದ ನಿಚಿಯಾ.

"ಮುಚ್ಕೊಂಡು ತಿನ್ನು. ನಾಳೆ ಬೆಟ್ಟ ಹತ್ತಬೇಕು," ಅಂತ ಇನ್ನೊಂದು ಮುದ್ದೆ ಹಾಕಿದೆ.