ಹಿಂದೆ ಸರಿದು ನಿಂತ ಹಲ್ಲು

ಮತ್ತೆ ಬಾಗಿತು ಜ್ವಾಲೆ, ಯಾರೋ ಬಾಗಿಲು ತೆಗೆದಿದ್ದಾರೆ, ಸ್ಪಿರಿಟ್ ದೀಪದ ಈ ನೀಲಿ ನಾಲಗೆಗೆ ಬೆನ್ನುಮೂಳೆಯೇ ಇಲ್ಲ, ನನ್ನ ಹಾಗೆ, ಯಾರು ಬಂದರೂ ಬಾಗುತ್ತದೆ — ಬಂದದ್ದು ಯಜಮಾನರು, ಈ ಹಲ್ಲುಕಟ್ಟು ಮಾಡುವ ಲ್ಯಾಬಿನ ಯಜಮಾನರು, ನನ್ನ ಬೆಂಚಿನ ಹತ್ತಿರ ಬಂದಾಗ ಮಾತ್ರ ದನಿ ತಗ್ಗಿಸುತ್ತಾರೆ, ಅಣ್ಣ ಹೋದ ಎಂಟು ತಿಂಗಳಿಂದ ಎಲ್ಲರೂ ನನ್ನೊಡನೆ ಆಸ್ಪತ್ರೆ ವಾರ್ಡಿನ ದನಿಯಲ್ಲೇ ಮಾತಾಡುತ್ತಾರೆ, ಏನಮ್ಮಾ ಆಯ್ತಾ, ಡಾಕ್ಟರ್ ಎರಡು ಸಲ ಫೋನ್ ಮಾಡಿದ್ರು, ನಾಲ್ಕು ಗಂಟೆಗೆ ಕ್ಲಿನಿಕ್ಕಿನವರು ಬರ್ತಾರೆ, ಒಂದೇ ಒಂದು ಹಲ್ಲು ತಾನೇ, ನೆಟ್ಟಗೆ ಮಾಡಿ ಕೊಟ್ಬಿಡು. ಒಂದೇ ಒಂದು ಹಲ್ಲು. ಹೌದು. ಮೇಲಿನ ಸಾಲು, ಎಡಗಡೆ, ಮಧ್ಯದಿಂದ ಎರಡನೆಯದು. ಗುಲಾಬಿ ಮೇಣದಲ್ಲಿ ಹದಿನಾಲ್ಕು ಹಲ್ಲು ಜೋಡಿಸಿದ್ದು ನಾನೇ, ಹದಿಮೂರು ಸಾಲಾಗಿ ನಿಂತಿವೆ, ಇದೊಂದು ಮಾತ್ರ ಹೆಗಲು ತಿರುಗಿಸಿ ಹಿಂದೆ ಸರಿದಿದೆ, ಗ್ರೂಪ್ ಫೋಟೋದಲ್ಲಿ ಮುಂದೆ ಬರಲು ಒಲ್ಲದವರ ಹಾಗೆ. ಬೇಕೆಂದು ಮಾಡಿದ್ದಲ್ಲ. ಮೇಣದ ಕಟ್ಟು ಮೊನ್ನೆ ಕ್ಲಿನಿಕ್ಕಿಗೆ ಹೋಗಿ, ಯಾರೋ ಹೆಂಗಸಿನ ಬಾಯಲ್ಲಿ ಕೂತು ನೋಡಿ ವಾಪಸು ಬಂದಾಗ ಜೊತೆಗೊಂದು ಚೀಟಿ, ಇದು ಯಾರ ಹಲ್ಲು? — ಡಾಕ್ಟರರ ಅಕ್ಷರ, ತಮಾಷೆಗೇ ಬರೆದಿರಬೇಕು, ಪಕ್ಕದ ಬೆಂಚಿನ ಪಾಲಿಶ್ ಅಕ್ಕ ಚೀಟಿ ಓದಿ ನಕ್ಕಳು, ಕಟ್ಟು ಎತ್ತಿ ನೋಡಿದಳು, ನಗು ನಿಂತಿತು, ಅಯ್ಯೋ, ಇದು ನಿಮ್ಮಣ್ಣಂದು ಅಲ್ವೇನೇ. ನನಗೂ ಗೊತ್ತಾಗಿದ್ದು ಆಗಲೇ.

ಅಣ್ಣನದೇ. ಇದೇ ಸ್ಟೂಲು ಅವನದು, ಡಿಗ್ರಿ ಮುಗಿಸಿ ಮನೆಯ ಮೂಲೆಯಲ್ಲಿ ಡೈರಿ ಬರೆಯುತ್ತ ಕೂತವಳನ್ನು ಎಳೆದುಕೊಂಡು ಬಂದಿದ್ದ, ಬಾರೇ ಮೂಗಿ, ಇಲ್ಲಿ ಬರೀ ಬಾಯಿಗಳೇ, ಒಂದೂ ಮಾತಾಡಲ್ಲ, ನಿನಗೆ ಹೇಳಿ ಮಾಡಿಸಿದ ಜಾಗ. ಊರಿನವರಿಗೆಲ್ಲ ಹಲ್ಲು ಕಟ್ಟಿ ತನ್ನದನ್ನು ಮಾತ್ರ ಹಾಗೇ ಬಿಟ್ಟುಕೊಂಡ, ಕ್ಯಾಮೆರಾ ಕಂಡರೆ ತುಟಿ ಹೊಲಿದುಕೊಳ್ಳುತ್ತಿದ್ದ, ಒಂದೇ ಒಂದು ಫೋಟೋದಲ್ಲಿ, ಒಂದರಲ್ಲಾದರೂ — ಇಲ್ಲ, ಎಲ್ಲ ಹುಡುಕಿದ್ದೇನೆ, ಎಲ್ಲದರಲ್ಲೂ ಬೀಗ ಹಾಕಿದ ಬಾಯಿ. ಕೆಲಸ ಕಲಿಯುವಾಗ ತನ್ನದೇ ಬಾಯಿಯ ಪ್ಲಾಸ್ಟರ್ ಅಚ್ಚು ತೆಗೆದಿದ್ದನಂತೆ, ನೋಡಿ ನಾಚಿಕೊಂಡು ಕುಟ್ಟಿ ಪುಡಿ ಮಾಡಿದನಂತೆ. ಆಮೇಲೆ ಜ್ವರ, ಹನ್ನೊಂದು ದಿನ, ಮುಖದ ಮೇಲೆ ಆಮ್ಲಜನಕದ ಮುಸುಕು, ಅದರೊಳಗೆ ಆವಿ ಕಟ್ಟುತ್ತಿತ್ತು, ಕರಗುತ್ತಿತ್ತು, ಕಟ್ಟುತ್ತಿತ್ತು, ಬಾಯಿ ಕಾಣಿಸಲೇ ಇಲ್ಲ. ಈಗ ಕಾಣಿಸುತ್ತಿದೆ. ಇದನ್ನು ನೆಟ್ಟಗೆ ಮಾಡಿಬಿಟ್ಟರೆ ಮತ್ತೆಲ್ಲೂ ಕಾಣಿಸುವುದಿಲ್ಲ. ಅಚ್ಚು ತೆಗೆದಿಟ್ಟುಕೋ ಎಂದಳು ಪಾಲಿಶ್ ಅಕ್ಕ, ತೆಗೆಯಬಹುದು, ಆದರೆ ಅಚ್ಚಿನಲ್ಲಿ ಇರುವುದು ಅಣ್ಣನಲ್ಲ, ನನ್ನ ಕೈತಪ್ಪು, ಅದನ್ನು ಕಪಾಟಿನಲ್ಲಿಟ್ಟು ಏನು ಮಾಡಲಿ. ಎಲ್ಲರ ಹತ್ತಿರವೂ ಒಂದೊಂದು ಉಪಾಯ. ಚಿಕ್ಕಮ್ಮ ಫೋನು ಮಾಡಿದಾಗಲೆಲ್ಲ ಒಂದ್ಸಲ ಅತ್ಬಿಡೇ, ಹಗುರ ಆಗತ್ತೆ, ಅಳು ಬಂತಾ, ಇನ್ನೂ ಇಲ್ವಾ — ಪಾರ್ಸೆಲ್ ಬಂತಾ ಅಂತ ಕೇಳಿದ ಹಾಗೆ. ಗೆಳತಿ ಕೊಟ್ಟ ನೋಟ್‌ಬುಕ್ಕಿನಲ್ಲಿ ದಿನಕ್ಕೈದು ಮುಖದ ಚಿತ್ರ, ಅಳುವುದರಿಂದ ನಗುವುದರವರೆಗೆ, ಇವತ್ತು ನಿನ್ನದು ಯಾವುದೋ ಅದಕ್ಕೆ ಟಿಕ್ ಹಾಕು, ಐದಕ್ಕೂ ಹಲ್ಲೇ ಇಲ್ಲ, ಹಾಕುವುದಾದರೂ ಹೇಗೆ. ನನ್ನ ಸ್ವಂತ ಡೈರಿಯಲ್ಲಿ ಬರೀ ತಾರೀಖು. ಅಮ್ಮ ಒಬ್ಬಳೇ ಏನೂ ಹೇಳುವುದಿಲ್ಲ, ಮೂರು ತಟ್ಟೆ ತೆಗೆಯುತ್ತಾಳೆ, ಒಂದನ್ನು ವಾಪಸು ಇಡುತ್ತಾಳೆ, ಸದ್ದಾಗದ ಹಾಗೆ, ಅದಕ್ಕೂ ಸಿಟ್ಟು ಬರುತ್ತದೆ ನನಗೆ, ಸದ್ದು ಮಾಡಬಾರದೇ ಅಮ್ಮ, ಎತ್ತಿ ಕುಕ್ಕಬಾರದೇ.

ಮೂರೂಕಾಲು. ಲಕೋಟೆ ನೋಡಿದ್ಯೇನೇ, ಪಾಲಿಶ್ ಅಕ್ಕ ಮೋಟಾರು ನಿಲ್ಲಿಸಿ ಕೇಳುತ್ತಿದ್ದಾಳೆ, ಯಾವ ಲಕೋಟೆ, ಕ್ಲಿನಿಕ್ಕಿನಿಂದ ಬಂದ ಪೆಟ್ಟಿಗೆಯ ತಳದಲ್ಲಿ — ಅಯ್ಯೋ ದೇವರೇ, ಇನ್ನೂ ಅಂಟಿಸಿದ ಹಾಗೇ ಇದೆ. ಹಲ್ಲಿದ್ದ ಕಾಲದ ಒಂದು ಫೋಟೋ ಎಲ್ಲರೂ ಕಳಿಸುತ್ತಾರೆ, ಅದನ್ನು ಎದುರಿಗಿಟ್ಟುಕೊಂಡೇ ಜೋಡಿಸಬೇಕು, ಮೊದಲ ದಿನದ ಪಾಠ, ಅಣ್ಣ ತಲೆಗೆ ಮೊಟಕಿ ಹೇಳಿದ್ದು, ಫೋಟೋ ನೋಡ್ದೆ ಜೋಡಿಸಿದ್ರೆ ನಿಮ್ಮ ಮನೆಯವರ ಹಲ್ಲೇ ಬರತ್ತೆ ಕಣೇ, ಕೈಗೆ ಗೊತ್ತಿರೋದು ಅವೇ. ಹರಿದೆ. ಮೆಟ್ಟಿಲ ಮೇಲೆ ಕೂತ ಹೆಂಗಸು, ನಲವತ್ತಿರಬಹುದು, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಾಳೆ, ಮುಂದಿನ ಎರಡು ಹಲ್ಲಿನ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದಿ, ನಾನು ಗೋಡೆ ಕಟ್ಟಿದಂತೆ ಮುಚ್ಚಿಟ್ಟಿರುವ ಸಂದಿ. ಹಿಂದುಗಡೆ ನಡುಗುವ ಅಕ್ಷರ. ಫೋಟೋ ತೆಗೆದವರು ಹೋಗಿ ಒಂದು ವರ್ಷ ಆಯ್ತು. ಸಂದಿ ಮುಚ್ಚಬೇಡಿ, ದಿನಾ ಅದನ್ನೇ ಆಡಿಕೊಂಡು ನಗ್ತಿದ್ರು. ಕನ್ನಡಿಯಲ್ಲಿ ನನ್ನ ಗುರುತು ನನಗೇ ಸಿಕ್ಕಿದರೆ ಸಾಕು. — ಆ ಬಾಯಲ್ಲಿ ಕೂರಿಸಿ ಕಳಿಸಿದ್ದೆನಲ್ಲ ನನ್ನ ಅಣ್ಣನನ್ನು, ಕನ್ನಡಿ ಹಿಡಿದುಕೊಂಡು ತನ್ನ ಸಂದಿ ಹುಡುಕಿರಬೇಕು ಆಕೆ, ಇನ್ನೊಬ್ಬರ ಮನೆಯ ಹಲ್ಲು ಕಂಡಿರಬೇಕು, ನೋವಾಯಿತೆಂದು ಕೂಡ ಹೇಳದೆ ಕುರ್ಚಿಯಿಂದ ಇಳಿದಿರಬೇಕು. ಕತ್ತೆ ಅಣ್ಣ, ಯಾಕೋ ಬಾಯಿ ಮುಚ್ಚಿಕೊಂಡೇ ನಗುತ್ತಿದ್ದೆ, ಒಂದು ಫೋಟೋ ಬಿಟ್ಟು ಹೋಗಲು ಏನಾಗಿತ್ತು ನಿನಗೆ, ಈಕೆಯ ಹಾಗೆ ಒಂದು, ಒಂದೇ ಒಂದು ಸಲ, ನಾಚಿಕೆಗೆಟ್ಟು — ಮೂಗಿ ನಾನೋ ನೀನೋ — ಏನಾಯ್ತೇ ಎನ್ನುತ್ತಿದ್ದಾಳೆ ಪಾಲಿಶ್ ಅಕ್ಕ, ದನಿ ತಗ್ಗಿಸದೆ ಕೇಳುತ್ತಿದ್ದಾಳೆ, ನಾನು ಜೋರಾಗಿ ಅಂದುಬಿಟ್ಟೆನೇ, ಏನಿಲ್ಲಕ್ಕಾ, ಎಡಸಾಲು ಪೂರ್ತಿ ಎಬ್ಬಿಸಿ ಹೊಸದಾಗಿ ನಿಲ್ಲಿಸ್ಬೇಕು, ಅರ್ಧ ಗಂಟೆ ಹೆಚ್ಚು ಬೇಕು ಅಂತ ಯಜಮಾನ್ರಿಗೆ ಹೇಳಿ. ಚಾಕು ಜ್ವಾಲೆಗೆ ಹಿಡಿದೆ. ಹಲ್ಲಿನ ಬುಡಕ್ಕೆ ತಾಗಿಸಿದೆ, ಮೇಣ ಹೊಳೆಯಿತು, ಸಡಿಲವಾಯಿತು, ಬಂತು, ಬೆರಳ ತುದಿಯಲ್ಲಿ ಬೆಚ್ಚಗೆ, ಅಕ್ಕಿಕಾಳಿಗಿಂತ ತುಸು ದೊಡ್ಡದು, ಯಾರದೂ ಅಲ್ಲದ ಹಲ್ಲು. ಅದಿದ್ದ ಕಡೆ ಗುಳಿ. ಗುಲಾಬಿ ಮೇಣದಲ್ಲಿ ಸಣ್ಣ ಗುಳಿ, ಹೆಗಲು ತಿರುಗಿಸಿ, ಹಿಂದೆ ಸರಿದು — ಅಂಚಿನಿಂದ ಮೇಣ ಇಳಿಯುತ್ತಿದೆ, ಊದಿದರೆ ನಿಂತುಬಿಡುತ್ತದೆ, ಊದಲಿಲ್ಲ, ಇಳಿಯುತ್ತಿದೆ, ಗುಳಿ ಇನ್ನೂ ಇದೆ, ಓರೆಯಾಗಿ, ಇಷ್ಟೇ ಇಷ್ಟು