ಅಮ್ಮಾಜಿಗೆ ನೀರು

ವೆಂಕಟರತ್ನಮ್ಮನ ಮನೆಯಲ್ಲಿ ಮಗು ನೀರು ಕೇಳಿದರೆ ಯಾರೂ ‘ತಾಳು, ಆಮೇಲೆ’ ಅನ್ನುವ ಹಾಗಿಲ್ಲ. ಕೈಯಲ್ಲಿ ಸಗಣಿ ಇರಲಿ, ಒಲೆಯ ಮೇಲೆ ಹಾಲು ಉಕ್ಕುತ್ತಿರಲಿ, ಮೊದಲು ನೀರು. ಸೊಸೆಯರು ಇದನ್ನು ಅತ್ತೆಯ ಹುಚ್ಚು ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ. ಅವರಲ್ಲಿ ಯಾರೂ ಅವಳ ಅತ್ತೆ ಮುತ್ಯಾಲಮ್ಮನನ್ನು ಕಂಡವರಲ್ಲ, ಮುತ್ಯಾಲಮ್ಮ ತುಂಬಿ ಕಳಿಸಿದ ಆ ಸೀಸೆಯ ಕಥೆ ಕೇಳಿದವರೂ ಅಲ್ಲ.

ಆಗಿನ್ನೂ ಬಂಗಾರಪೇಟೆಯನ್ನು ಜನ ಬೌರಿಂಗ್‌ಪೇಟೆ ಅನ್ನುತ್ತಿದ್ದ ಕಾಲ. ಇವರ ಊರು ಆ ಸ್ಟೇಷನ್ನಿಗೆ ಹತ್ತಿರ. ವೆಂಕಟರತ್ನಮ್ಮನ ಗಂಡ ಅಶ್ವತ್ಥಪ್ಪ ಕೋಳಿ ಕೂಗುವ ಮೊದಲೇ ಹಾಲು ಕರೆದು, ಕ್ಯಾನು ಹೊತ್ತು ಮಾರಿಕುಪ್ಪಂ ರೈಲು ಹಿಡಿಯುತ್ತಿದ್ದ. ಉರಿಗಾಂನಲ್ಲಿ ಇಳಿದು, ಚಿನ್ನದ ಗಣಿ ಕೂಲಿಗಳ ಲೈನುಗಳಲ್ಲಿ ಮನೆಮನೆಗೆ ಹಾಲು ಅಳೆದು, ಮಧ್ಯಾಹ್ನಕ್ಕೆ ವಾಪಸ್ಸು. ಹತ್ತುವಾಗ ಕನ್ನಡ, ನಡುವೆ ತೆಲುಗು, ಇಳಿಯುವಾಗ ತಮಿಳು; ಅವನ ನಾಲಿಗೆ ರೈಲಿನ ಜೊತೆಗೇ ಸ್ಟೇಷನ್ ಬದಲಿಸುತ್ತಿತ್ತು. ಅವನ ಟವೆಲ್ಲಿನಲ್ಲಿ ಹಸಿ ಹಾಲು, ಕಲ್ಲಿದ್ದಲ ಹೊಗೆ ಎರಡೂ ಸೇರಿದ ಒಂದು ವಾಸನೆ ಇರುತ್ತಿತ್ತು. ಆಗ ಅದನ್ನು ಒಗೆಯುವಾಗ ಬೈದುಕೊಳ್ಳುತ್ತಿದ್ದ ವೆಂಕಟರತ್ನಮ್ಮನಿಗೆ ಈಗ ಆ ವಾಸನೆಗಾಗಿ ಜೀವ ಹಂಬಲಿಸುತ್ತದೆ.

ಮನೆ ದೊಡ್ಡದೇ, ಆದರೆ ಮಾವನ ಕಾಲದಲ್ಲೇ ಅಣ್ಣತಮ್ಮಂದಿರ ಪಾಲಾಗಿ ನಡುವೆ ಗೋಡೆ ಎದ್ದಿತ್ತು. ಈ ಕಡೆ ಅಣ್ಣನ ಹೆಂಡತಿ ಮುತ್ಯಾಲಮ್ಮ, ಆ ಕಡೆ ತಮ್ಮನ ಹೆಂಡತಿ ಮುನಿನಾರಾಯಣಮ್ಮ. ಸಿಹಿನೀರಿನ ಬಾವಿ ಆ ಕಡೆಯ ಹಿತ್ತಲಿಗೆ ಹೋಯಿತು. ಇಬ್ಬರೂ ಸೇದಿಕೊಳ್ಳಬಹುದು ಅಂತ ಹಿರಿಯರು ತೀರ್ಮಾನ ಮಾಡಿ, ಗೋಡೆಯಲ್ಲಿ ಒಂದು ಬಾಗಿಲನ್ನೂ ಇಡಿಸಿದ್ದರು. ವೆಂಕಟರತ್ನಮ್ಮ ಸೊಸೆಯಾಗಿ ಬಂದಾಗ ಆ ಬಾಗಿಲಿಗೆ ಮುಳ್ಳುಕಂಪೆ ಒಡ್ಡಿತ್ತು. ಬಾವಿಯ ನೀರು ಮಗ್ಗುಲಲ್ಲೇ ಇದ್ದರೂ ಈ ಮನೆಯವರು ಊರ ಹೊರಗಿನ ಉಪ್ಪುನೀರು ಹೊರಬೇಕು. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಬಾಯಾರಿಕೆಯೂ ಹೋಗುತ್ತಿರಲಿಲ್ಲ.

ಕಾರಣವನ್ನು ಅತ್ತೆ ಒಂದೇ ಸಲ ಹೇಳಿದ್ದಳು. ಅಶ್ವತ್ಥಪ್ಪನಿಗಿಂತ ಮೊದಲು ಅವಳಿಗೆ ಅಮ್ಮಾಜಿ ಅಂತ ಒಂದು ಮಗಳಿದ್ದಳು. ಮುನಿನಾರಾಯಣಮ್ಮನಿಗೆ ಆಗ ಮಕ್ಕಳಿರಲಿಲ್ಲ. ಮಕ್ಕಳಾಗದವರು ತುಂಬಿದ ಮನೆಯ ಮಗುವಿನ ಬಟ್ಟೆಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದರೆ ಮಡಿಲು ತುಂಬುತ್ತದೆ ಅಂತ ನಂಬಿಕೆ. ಅವಳು ಅಮ್ಮಾಜಿಯ ಒಂದು ಲಂಗವನ್ನು ಕೇಳದೆ ಒಯ್ದಳು. ಅದೇ ವಾರ ಅಮ್ಮಾಜಿಗೆ ಜ್ವರ ಬಂತು, ಹಾಗೇ ಹೋದಳು. ಮರುವರ್ಷ ಮುನಿನಾರಾಯಣಮ್ಮ ಗಂಡುಮಗು ಹೆತ್ತಳು. ಮಾಟ ಅನ್ನುವುದಕ್ಕೆ ಮುತ್ಯಾಲಮ್ಮನಿಗೆ ಇನ್ನು ಯಾವ ಸಾಕ್ಷಿ ಬೇಕು? ಅಂದಿನಿಂದ ವಾರಗಿತ್ತಿಯ ಮುಖ ನೋಡಲಿಲ್ಲ, ಅವಳ ಬಾವಿಯ ನೀರು ಮುಟ್ಟಲಿಲ್ಲ.

ವೆಂಕಟರತ್ನಮ್ಮನಿಗೆ ಹೆಣ್ಣು ಹುಟ್ಟಿದಾಗ ಅತ್ತೆಯೇ ಅಮ್ಮಾಜಿ ಅಂತ ಹೆಸರಿಟ್ಟಳು. ಆಮೇಲೆ ಆ ಮಗುವಿನ ಕಾವಲಿಗೆ ನಿಂತುಬಿಟ್ಟಳು. ಉಗುರು ಕತ್ತರಿಸಿದರೆ ಆರಿಸಿ ಹೂಳಬೇಕು, ತಲೆ ಬಾಚಿದರೆ ಕೂದಲು ಸುಡಬೇಕು, ಒಗೆದ ಬಟ್ಟೆ ಕಣ್ಣೆದುರೇ ಒಣಗಬೇಕು. ಮಗುವಿನ ಮೈಯಿಂದ ಹೋದದ್ದು ಯಾವುದೂ ಪರರ ಕೈಗೆ ಸಿಗಬಾರದು. ಹಸುವಿನ ಗಂಜಲವನ್ನು ಬೆಳಗೆದ್ದು ಚೊಂಬು ಹಿಡಿದು ಊರಿಗೆಲ್ಲ ದಾನ ಮಾಡುತ್ತಿದ್ದ ಮಹಾತಾಯಿ, ಮೊಮ್ಮಗಳು ಬೀದಿಯಲ್ಲಿ ಉಚ್ಚೆಗೆ ಕೂತರೆ ಮೇಲೆ ಮಣ್ಣು ಎಳೆದು ಬರುತ್ತಿದ್ದಳು.

ಮಗುವಿಗೆ ನಾಲ್ಕು ತುಂಬಿದ ವರ್ಷ, ಅವರೆಕಾಯಿ ಕಾಲದಲ್ಲಿ ಶುರುವಾಯಿತು. ಆಡುತ್ತಿದ್ದವಳು ಇದ್ದಕ್ಕಿದ್ದಂತೆ ಕಾಲು ಹೆಣೆದುಕೊಂಡು ನಿಲ್ಲುವಳು. ಕೂರಿಸಿದರೆ ನಾಲ್ಕು ಹನಿ, ಅದಕ್ಕೆ ಊರು ಕೇಳುವ ಅಳು. ಉರೀತದೆ ಅನ್ನುವಳು. ಉರಿಗೆ ಹೆದರಿ ತಡೆದುಕೊಳ್ಳುವಳು, ತಡೆದದ್ದು ಹಾಸಿಗೆಯಲ್ಲಿ ಹೋಗುವುದು. ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದರು, ಕೊತ್ತಂಬರಿ ಬೀಜ ಕುದಿಸಿ ಕೊಟ್ಟರು. ಆದರೆ ಉಪ್ಪುನೀರಿನ ಕಷಾಯವನ್ನು ಮಗು ಉಗಿಯುತ್ತಿತ್ತು. ಹಾಸಿಗೆ ಒದ್ದೆಯಾಗುತ್ತದೆ ಅಂತ ಅತ್ತೆ ಹೊತ್ತು ಇಳಿದ ಮೇಲೆ ನೀರನ್ನೇ ಬಿಡಿಸಿದಳು. ಎಲ್ಲ ಮನೆಗಳಲ್ಲೂ ಹಾಗೇ ಮಾಡುತ್ತಿದ್ದರು, ವೆಂಕಟರತ್ನಮ್ಮನಿಗೂ ಅದು ತಪ್ಪು ಅನ್ನಿಸಲಿಲ್ಲ. ಆಮೇಲೆ ನಡುಕ ಹತ್ತಿ ಜ್ವರ ಬಂತು.

ಅಶ್ವತ್ಥಪ್ಪ ರಾಬರ್ಟ್‌ಸನ್‌ಪೇಟೆಯಲ್ಲಿ ಕುಪ್ಪುಸ್ವಾಮಿ ಡಾಕ್ಟರ ಮನೆಗೆ ಹಾಲು ಹಾಕುತ್ತಿದ್ದ. ಅವರಿಗೆ ಹೇಳಿದಾಗ ಒಂದು ಸಣ್ಣ ಸೀಸೆ ಕೊಟ್ಟು, ಮಗುವಿನ ಬೆಳಗಿನ ಉಚ್ಚೆ ಹಿಡಿದು ತಾ, ನೋಡೋಣ ಅಂದರಂತೆ. ಮುತ್ಯಾಲಮ್ಮ ಮನೆ ಮಾಳಿಗೆ ಒಂದು ಮಾಡಿದಳು. ಕಂಡವರ ಊರಿಗೆ, ಕಂಡವರ ಕೈಗೆ ಮಗುವಿನ ಉಚ್ಚೆ ಕಳಿಸುವುದಂತೆ, ಕೇಳಿದ್ದೀರಾ ಎಲ್ಲಾದರೂ ಅಂತ ಹಸುಗಳನ್ನೂ ಬಿಡದೆ ಎಲ್ಲರನ್ನೂ ಕೇಳಿದಳು. ಮಗ ಒಂದು ಮಾತು ಗದರಿದ ಮೇಲೆ ತೆಪ್ಪಗಾದಳು. ಅತ್ತೆ ಅಷ್ಟು ಸುಲಭಕ್ಕೆ ಸುಮ್ಮನಾದದ್ದು ಸೊಸೆಗೆ ಆಶ್ಚರ್ಯವಾಯಿತು, ಆದರೆ ಯೋಚಿಸಲು ಪುರುಸೊತ್ತು ಎಲ್ಲಿತ್ತು? ಬೆಳಗ್ಗೆ ಅಳುವ ಮಗುವನ್ನು ಕೂರಿಸಿ, ಹಿಡಿದು, ಸೀಸೆ ತುಂಬಿ ಜಗಲಿಯ ಗೂಡಿನಲ್ಲಿಟ್ಟು ಗಂಡನ ಜೊತೆ ಹಾಲು ಕರೆಯಲು ಹೋದಳು. ಅಶ್ವತ್ಥಪ್ಪ ಅದನ್ನು ಕ್ಯಾನಿನ ಜೊತೆ ಒಯ್ದ.

ಮರುದಿನ ಕ್ವಿನೈನ್ ಗುಳಿಗೆಗಳೂ ಒಳ್ಳೆ ಸುದ್ದಿಯೂ ಬಂದವು. ಉಚ್ಚೆಯಲ್ಲಿ ದೋಷವೇ ಇಲ್ಲ, ಎಳನೀರಿನ ಹಾಗಿದೆ, ಇದು ಚಳಿಜ್ವರ ಅಂದರಂತೆ ಡಾಕ್ಟರು. ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. ವೆಂಕಟರತ್ನಮ್ಮನಿಗೆ ಮಾತ್ರ ಆಗಲಿಲ್ಲ. ಅವಳು ತುಂಬಿದ್ದು ಎಳನೀರಿನ ಹಾಗಿರಲಿಲ್ಲ, ಅಕ್ಕಿ ತೊಳೆದ ನೀರಿನ ಹಾಗೆ ಕದಡಿತ್ತು, ಕೆಟ್ಟ ವಾಸನೆ ಬೇರೆ. ರೈಲಿನಲ್ಲಿ ಹೋಗುವಷ್ಟರಲ್ಲಿ ತಿಳಿಯಾಯಿತೇನೋ, ಓದಿದವರಿಗೆ ಗೊತ್ತಿರುತ್ತದೆ ಅಂತ ತನಗೆ ತಾನೇ ಹೇಳಿಕೊಂಡಳು.

ಕ್ವಿನೈನ್ ನುಂಗಿಸಿದಷ್ಟೂ ಮಗು ಕಕ್ಕಿತು. ಕಿವಿಯಲ್ಲಿ ಗುಂಯ್ ಅಂತದೆ ಅಂತ ಅತ್ತಿತು. ಜ್ವರ ಇಳಿಯಲಿಲ್ಲ. ಬೆನ್ನು ಮುಟ್ಟಿದರೆ ಕಿರುಚುತ್ತಿತ್ತು. ಒಂದು ಬೆಳಗ್ಗೆ ಎತ್ತಿಕೊಂಡರೆ ಕತ್ತು ನಿಲ್ಲಲಿಲ್ಲ. ಹೆಸರಿನ ಜೊತೆಗೆ ಆ ಅಮ್ಮಾಜಿಯ ಹಣೆಬರಹವೂ ಬಂದುಬಿಟ್ಟಿತೇ ಅಂತ ವೆಂಕಟರತ್ನಮ್ಮನಿಗೆ ಅನ್ನಿಸಿತು. ಇನ್ನು ಸೀಸೆಯೂ ಬೇಡ ಗೀಸೆಯೂ ಬೇಡ, ಮಗುವನ್ನೇ ಒಯ್ಯುತ್ತೇನೆ ಅಂತ ಸೀರೆ ಸುತ್ತಿಕೊಂಡು ಗಂಡನ ಹಿಂದೆ ಹೊರಟಳು. ಮುತ್ಯಾಲಮ್ಮ ಯಾರೂ ಕರೆಯದೆ ಮುಂದೆ ಹೋಗಿ ರೈಲು ಹತ್ತಿ ಕೂತಿದ್ದಳು.

ದಾರಿಯುದ್ದಕ್ಕೂ ಮಗು ಅಜ್ಜಿಯ ಮಡಿಲಲ್ಲಿತ್ತು. ಗಣಿಯ ಬಿಳಿ ಮಣ್ಣಿನ ಗುಡ್ಡಗಳು ಕಂಡಾಗ ಅವುಗಳನ್ನು ತೋರಿಸಿ ಅಜ್ಜಿ ಏನೇನೋ ಕಥೆ ಹೇಳಿದಳು. ಮಗು ಕಣ್ಣು ತೆರೆಯಲಿಲ್ಲ.

ಕುಪ್ಪುಸ್ವಾಮಿ ಡಾಕ್ಟರು ಮಗುವನ್ನು ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. ಉಚ್ಚೆಯನ್ನು ಇಲ್ಲೇ, ಈಗಲೇ ಹಿಡಿಯಿರಿ ಅಂದರು. ವೆಂಕಟರತ್ನಮ್ಮ ಹಿತ್ತಲಲ್ಲಿ ಹಿಡಿದು ತಂದು ಕೊಟ್ಟಳು. ಅವರು ಅದನ್ನು ಗಾಜಿನ ಕೊಳವೆಗೆ ಸುರಿದು, ಸ್ಪಿರಿಟ್ ದೀಪದ ಮೇಲೆ ಹಿಡಿದರು. ಕುದಿ ಬರುತ್ತಿದ್ದಂತೆ ಮೇಲ್ಭಾಗ ಬೆಳ್ಳಗೆ ಗಟ್ಟಿಯಾಗುತ್ತಾ ಬಂತು. ಹಾಲಿನವರಿಗೆ ಅದನ್ನು ಯಾರೂ ವಿವರಿಸಬೇಕಿರಲಿಲ್ಲ. ಒಡೆದ ಹಾಲನ್ನು ಅವರು ಎಲ್ಲಿ ಕಂಡರೂ ಗುರುತಿಸುವವರು.

ಹೋದ ಸಲ ನೀವು ಕಳಿಸಿದ್ದು ಈ ಮಗುವಿನದಲ್ಲ ಅಂದರು ಡಾಕ್ಟರು. ಅಶ್ವತ್ಥಪ್ಪ ಹೆಂಡತಿಯ ಮುಖ ನೋಡಿದ. ಹೆಂಡತಿ ಅತ್ತೆಯ ಮುಖ ನೋಡಿದಳು. ಮುತ್ಯಾಲಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

“ಅದು ನಂದು ಸ್ವಾಮಿ” ಅಂದಳು.

ಜಗಲಿಯ ಗೂಡಿನಲ್ಲಿದ್ದದ್ದನ್ನು ಚೆಲ್ಲಿ, ಮಣ್ಣು ಮುಚ್ಚಿ, ಸೀಸೆ ತೊಳೆದು ತಾನೇ ತುಂಬಿಟ್ಟಳಂತೆ. ಮಾಟ ಮಾಡುವವರಿದ್ದರೆ ಈ ಮುದುಕಿಗೆ ಮಾಡಲಿ, ಮಗು ಉಳಿಯಲಿ ಅಂತ. ಡಾಕ್ಟರು ಕೊಳವೆಯನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ಸಿಟ್ಟು ಬರಬೇಕಾದಲ್ಲಿ ಅವರಿಗೆ ನಗು ತಡೆಯಲಾಗಲಿಲ್ಲ. ಪಾಟಿ, ಅಜ್ಜೀ, ನಿಮ್ಮ ಉಚ್ಚೆ ನೋಡಿ ಮಗುವಿಗೆ ಕ್ವಿನೈನ್ ಕೊಟ್ಟೆನಲ್ಲ ಅಂದರು. ಬೇರೆ ಯಾರೂ ನಗಲಿಲ್ಲ. ವೆಂಕಟರತ್ನಮ್ಮನಿಗೆ ಆ ಗಳಿಗೆಯಲ್ಲಿ ಅತ್ತೆಯ ಜುಟ್ಟು ಹಿಡಿಯುವಷ್ಟು ಕೋಪ ಬಂದಿತ್ತು. ಅದನ್ನು ಅವಳು ಇವತ್ತಿಗೂ ಮುಚ್ಚಿಡುವುದಿಲ್ಲ.

ಆಮೇಲೆ ಡಾಕ್ಟರು ನಗು ಬಿಟ್ಟು ಹೇಳಿದರು. ಉಚ್ಚೆಯ ದಾರಿಯಲ್ಲಿ ಕೀವಾಗಿದೆ, ಅದು ಬೆನ್ನಿನ ಕಡೆಗೆ ಏರುತ್ತಿದೆ, ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು. ಹೆಣ್ಣುಮಕ್ಕಳಿಗೆ ಇದು ಹೆಚ್ಚು. ಔಷಧ ಕೊಡುತ್ತೇನೆ, ಆದರೆ ನೀರು ಅದಕ್ಕಿಂತ ದೊಡ್ಡದು. ಬಾರ್ಲಿ ಗಂಜಿ, ಎಳನೀರು, ಬರೀ ನೀರು, ಏನಾದರೂ ಸರಿ, ಕುಡಿಸುತ್ತಲೇ ಇರಬೇಕು. ತಡೆದುಕೊಳ್ಳಲು ಬಿಡಬಾರದು, ಗದರಬಾರದು, ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಗುಣವಾಗುತ್ತೋ ಇಲ್ಲವೋ ಅನ್ನುವುದು ಈ ವಾರದಲ್ಲಿ ಗೊತ್ತಾಗುತ್ತದೆ ಅಂದರು.

ಮುತ್ಯಾಲಮ್ಮ ಒಂದು ಹೆಜ್ಜೆ ಮುಂದೆ ಬಂದಳು.

“ಹಾಸಿಗೆ ಒದ್ದೆ ಮಾಡ್ತದೆ ಅಂತ ನೀರು ಬಿಡಿಸಿದ್ರೆ, ಸ್ವಾಮಿ?”

“ಬಿಡಿಸಲೇಬಾರದು ಪಾಟಿ. ನೀರು ಕಮ್ಮಿಯಾದಷ್ಟೂ ಇದು ಜಾಸ್ತಿ.”

“ಯಾರೂ ಏನೂ ಮಾಡ್ದೆ, ತಾನಾಗೇ ಬತ್ತದಾ ಇದು?”

“ತಾನಾಗೇ ಬರುತ್ತೆ.”

ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮಗ ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

ವಾಪಸ್ಸು ಬರುವಾಗ ರೈಲಿನಲ್ಲಿ ಮುದುಕಿ ಮಗುವನ್ನು ಎತ್ತಿಕೊಳ್ಳಲಿಲ್ಲ. ಬೌರಿಂಗ್‌ಪೇಟೆ ಹತ್ತಿರವಾದಾಗ ಸೊಸೆಯ ಕಡೆಗೆ ತಿರುಗಿದಳು.

“ನನ್ನ ಅಮ್ಮಾಜೀನೂ ಇಂಗೇ ಕಾಲು ಎಣಕೊಂಡು ನಿಲ್ಲೋಳು ಕಣಮ್ಮೀ. ಅವ್ಳಿಗೂ ನಾನು ನೀರು ಬಿಡಿಸಿದ್ದೆ. ಓಗೋ ದಿನ ನೀರು ನೀರು ಅಂತಿದ್ಲು.”

ವೆಂಕಟರತ್ನಮ್ಮನ ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನೀರು ಕೊಟ್ಟಿದ್ದರೆ ಆ ಮಗು ಉಳಿಯುತ್ತಿತ್ತೋ ಇಲ್ಲವೋ, ಅದನ್ನು ಈಗ ಯಾವ ಡಾಕ್ಟರೂ ಹೇಳಲಾರ ಅಂತ ಹೇಳಬೇಕು ಅನ್ನಿಸಿತು. ಸೀಸೆಗೆ ತನ್ನದನ್ನು ತುಂಬಿಟ್ಟ ಆ ಒರಟು ಕೈಯನ್ನು ಹಿಡಿದುಕೊಂಡು ಕೂತಳು.

ಮನೆಗೆ ಬಂದು ಔಷಧ ಕುಡಿಸಿದರು. ಅದು ಹೇಗೋ ಇಳಿಯಿತು. ಉಪ್ಪುನೀರು ಬಾಯಿಗೆ ಹಿಡಿದರೆ ಮಗು ಹಲ್ಲು ಕಚ್ಚಿ ಮುಖ ತಿರುಗಿಸಿತು. ಬಾರ್ಲಿ ಬೇಯಿಸಿ ಕೊಟ್ಟರೂ ಅದೇ ನೀರು, ಅದೇ ರುಚಿ. ಅಶ್ವತ್ಥಪ್ಪ ಎಳನೀರಿಗಾಗಿ ಪೇಟೆಗೆ ಓಡಿದ. ಮುತ್ಯಾಲಮ್ಮ ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದಳು. ಆಮೇಲೆ ಹಿತ್ತಲಿಗೆ ಹೋದಳು. ಕಂಪೆ ಎಳೆಯುವ ಸದ್ದು ಕೇಳಿ ವೆಂಕಟರತ್ನಮ್ಮ ಮಗುವನ್ನು ಎತ್ತಿಕೊಂಡು ಓಡಿಹೋದರೆ, ಅತ್ತೆ ಬರಿಗೈಯಲ್ಲಿ ಮುಳ್ಳು ಕಿತ್ತು ಎಸೆಯುತ್ತಿದ್ದಳು. ಅಂಗೈಯೆಲ್ಲ ರಕ್ತ.

ಮುನಿನಾರಾಯಣಮ್ಮ ಬಾವಿಕಟ್ಟೆಯ ಹತ್ತಿರ ಅವರೆಕಾಯಿ ಸುಲಿಯುತ್ತಿದ್ದಳು. ಬಾಗಿಲಲ್ಲಿ ವಾರಗಿತ್ತಿಯನ್ನು ಕಂಡು ಮೊರ ಕೆಳಗಿಟ್ಟು ಎದ್ದಳು. ಇಬ್ಬರ ತಲೆಯೂ ನೆರೆತಿತ್ತು.

“ನಾರಾಯಣೀ, ಅಮ್ಮಾಜಿಗೆ ನೀರು ಬೇಕು” ಅಂದಳು ಮುತ್ಯಾಲಮ್ಮ.

ಮುನಿನಾರಾಯಣಮ್ಮ ಹಗ್ಗ ಬಿಟ್ಟು ನೀರು ಸೇದಿ, ಚೊಂಬು ತುಂಬಿ ತಂದು ತಾನೇ ಮಗುವಿನ ತುಟಿಗೆ ಹಿಡಿದಳು. ಮಗು ಒಂದು ಗುಟುಕು ನುಂಗಿ, ಕಣ್ಣು ಬಿಟ್ಟು, ಚೊಂಬನ್ನು ಎರಡು ಕೈಯಲ್ಲಿ ಹಿಡಿದುಕೊಂಡಿತು. ಅಷ್ಟನ್ನೂ ಕುಡಿಯಿತು. ಮುತ್ಯಾಲಮ್ಮ ಆಗ ಗೋಡೆಗೆ ಹಣೆ ಒತ್ತಿ ಅತ್ತಳು. ನೀನೇನೂ ಮಾಡಿರಲಿಲ್ಲ, ನೀನೇನೂ ಮಾಡಿರಲಿಲ್ಲ ಅನ್ನುತ್ತಲೇ ಇದ್ದಳು.

ಮುನಿನಾರಾಯಣಮ್ಮ ಒಳಗೆ ಹೋಗಿ ಪೆಟ್ಟಿಗೆ ತೆಗೆದ ಸದ್ದಾಯಿತು. ಬರುವಾಗ ಕೈಯಲ್ಲಿ ಬಣ್ಣ ಮಾಸಿದ ಒಂದು ಪುಟ್ಟ ಲಂಗವಿತ್ತು.

“ವಾಪಸ್ ಕೊಡಾಣ ಅಂತ ಅವತ್ತೇ ಬಂದಿದ್ದೆ ಅಕ್ಕಯ್ಯ. ನೀನು ಬಾಗ್ಲು ತೆಗೀಲಿಲ್ಲ. ಎಸೆಯಾಕೆ ಮನಸ್ಸು ಬರ್ಲಿಲ್ಲ.”

ಮುತ್ಯಾಲಮ್ಮ ಲಂಗವನ್ನು ತೆಗೆದುಕೊಂಡು, ರಕ್ತ ತಾಗದಂತೆ ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು. ಈ ಮುದುಕಿಯರಿಗೆ ಇಷ್ಟು ಹೇಳಲು ಎಷ್ಟು ವರ್ಷ ಬೇಕಾಯಿತಲ್ಲ ಅಂತ ವೆಂಕಟರತ್ನಮ್ಮನಿಗೆ ಸಂಕಟವಾಯಿತು.

ಆ ವಾರವೆಲ್ಲ ಬಾವಿಯ ರಾಟೆ ಸುಮ್ಮನಿರಲಿಲ್ಲ. ಒಬ್ಬಳು ಸೇದುವಳು, ಇನ್ನೊಬ್ಬಳು ಕುಡಿಸುವಳು. ಯಾರ ಗಂಜಿ ಚೆನ್ನಾಗಿ ಬೆಂದಿದೆ ಅಂತ ಇಬ್ಬರಿಗೂ ಜಗಳ ಬೇರೆ. ಜ್ವರ ನಿಧಾನವಾಗಿ ಬಿಟ್ಟಿತು. ಆದರೂ ಕೂರಿಸಿದಾಗಲೆಲ್ಲ ಮಗು ಮೊದಲೇ ಅಳುವುದಕ್ಕೆ ಶುರು ಮಾಡುತ್ತಿತ್ತು. ಮುತ್ಯಾಲಮ್ಮನಿಗೆ ಆ ಅಳು ಕೇಳಿದರೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಒಂದು ಸಂಜೆ ಬಾವಿಕಟ್ಟೆಯ ಮೇಲೆ ಇಬ್ಬರೂ ಕೂತಿದ್ದರು, ಮಗು ಅಜ್ಜಿಯ ಮಡಿಲಲ್ಲಿ. ನೆನೆದ ಅವರೆಕಾಳು ಹಿಸುಕಿ ಸಿಪ್ಪೆಯಿಂದ ಹಾರಿಸಿ ಆಡುತ್ತಿತ್ತು. ಇದ್ದಕ್ಕಿದ್ದಂತೆ ಮುತ್ಯಾಲಮ್ಮ ಮಾತು ನಿಲ್ಲಿಸಿ ಕಲ್ಲಿನ ಹಾಗೆ ಕೂತಳು. ಸೀರೆಯಿಂದ ನೀರು ಕಟ್ಟೆಯ ಮೇಲೆ ಇಳಿಯುತ್ತಿತ್ತು. ವೆಂಕಟರತ್ನಮ್ಮ ಮಗುವನ್ನು ಎತ್ತಿಕೊಳ್ಳಲು ಓಡಿದರೆ ಅತ್ತೆ ಕೈ ಅಡ್ಡ ಹಿಡಿದಳು. ಮಗು ಏನೂ ಆಗದವಳ ಹಾಗೆ ಇನ್ನೊಂದು ಕಾಳು ಹಿಸುಕಿತು.

“ಉಯ್ಲಿ ಬಿಡು” ಅಂದಳು ಮುತ್ಯಾಲಮ್ಮ. ಅವಳ ಕಣ್ಣಲ್ಲೂ ನೀರು ಇಳಿಯುತ್ತಿತ್ತು. “ಅಳ್ಲಿಲ್ಲ ನೋಡು ನಾರಾಯಣೀ. ಅಮ್ಮಾಜಿ ಅಳ್ಲಿಲ್ಲ.”